ಪ್ಲಸ್ ಆದಮೇಲೆ ಇರುವವರು

ನಮ್ಮ ಬಡಾವಣೆಯಲ್ಲಿ ಸುಮಾರು ಮುನ್ನೂರು ಜನರ ಇಮೇಲ್ ವಿಳಾಸ ಒಂದೇ, ಅದು ನನ್ನದು. ಇದರಲ್ಲಿ ಹೆಮ್ಮೆಪಡುವಂಥದ್ದೇನೂ ಇಲ್ಲ. ಹೊರಗೆ ಹೇಳಿಕೊಂಡರೆ ಬೈಸಿಕೊಳ್ಳಬೇಕಾದೀತು.

ನನ್ನದು ಅರ್ಜಿ ತುಂಬಿಕೊಡುವ ಅಂಗಡಿ. ಒಂದು ಕಂಪ್ಯೂಟರ್, ಮನಸ್ಸು ಬಂದಾಗ ಮಾತ್ರ ಕೆಲಸ ಮಾಡುವ ಒಂದು ಪ್ರಿಂಟರ್, ಬಂದವರಿಗೆ ಎರಡು ಕುರ್ಚಿ. ಒಂದು ಕುರ್ಚಿಯ ಕಾಲಿನ ಕೆಳಗೆ ರಟ್ಟು ಮಡಚಿ ಇಟ್ಟಿದ್ದೇನೆ, ಆದರೂ ಕುಂಟುತ್ತದೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಎಲ್ಲರೂ ನನ್ನನ್ನು ಅರ್ಜಿ ಅಕ್ಕ ಎಂದೇ ಕರೆಯುತ್ತಾರೆ. ಅಪ್ಪ ಅಮ್ಮ ಇಟ್ಟ ಹೆಸರು ಈಗ ಕರೆಂಟ್ ಬಿಲ್ಲಿನವರಿಗೆ ಮಾತ್ರ ಗೊತ್ತು.

ಮೊದಮೊದಲು ನಾನೂ ನಿಯತ್ತಾಗಿಯೇ ಇದ್ದೆ. ಅರ್ಜಿಯಲ್ಲಿ ಕೆಂಪು ನಕ್ಷತ್ರ ಹಾಕಿರುವ ಕಡೆ ತುಂಬದೆ ಬಿಟ್ಟರೆ ಮುಂದಿನ ಪುಟ ತೆರೆಯುವುದಿಲ್ಲ. ಇಮೇಲ್ ವಿಳಾಸಕ್ಕಂತೂ ಎಲ್ಲ ಅರ್ಜಿಯಲ್ಲೂ ನಕ್ಷತ್ರ ಇದ್ದೇ ಇರುತ್ತದೆ. "ಇಮೇಲ್ ವಿಳಾಸ ಹೇಳಿ" ಎಂದರೆ ಒಬ್ಬರು ಮನೆ ನಂಬರು, ಅಡ್ಡರಸ್ತೆ, ನೀರಿನ ಟ್ಯಾಂಕಿನ ಹಿಂಭಾಗ ಎಂದು ಶುರುಮಾಡುತ್ತಿದ್ದರು. ಇನ್ನೊಬ್ಬರು ಚುಕ್ಕೆಯ ಬದಲು ಅಲ್ಪವಿರಾಮ ಹಾಕಿಸುತ್ತಿದ್ದರು, ನೋಡುವುದಕ್ಕೆ ಚೆನ್ನ ಎಂದು. ಹೆಸರಿನ ನಡುವೆ ಜಾಗ ಬಿಡಬಾರದು ಎಂದಿದ್ದಕ್ಕೆ ಒಬ್ಬ ಬಸ್ ಡ್ರೈವರ್ ನನ್ನನ್ನೇ ಕೇಳಿದ್ದ, "ಯಾಕಕ್ಕ, ಹೆಸರು ಉಸಿರಾಡಬಾರದಾ?" ಮತ್ತೊಬ್ಬಳು ತನ್ನ ವಿಳಾಸದಲ್ಲಿ ಎರಡು @ ಬರೆದುಕೊಂಡು ಬಂದಿದ್ದಳು. ಯಾಕೆಂದು ಕೇಳಿದರೆ, "ಎರಡು ಕಡೆ ಕೆಲಸ ಮಾಡ್ತೀನಲ್ಲ" ಎಂದಳು.

ಪ್ರತಿಯೊಬ್ಬರಿಗೂ ನಾನು ಒಂದೇ ಪಾಠ ಒಪ್ಪಿಸುತ್ತಿದ್ದೆ. "ನೋಡಿ, ಈ ಸುತ್ತು ಹಾಕಿರೋ ಅಕ್ಷರಕ್ಕೆ ಮುಂಚೆ ಇರೋದು ಮನುಷ್ಯ. ಆಮೇಲೆ ಇರೋದು ಅವನಿರೋ ಮನೆ. ಮನೆ ಹೆಸರಾದ್ಮೇಲೆ ಒಂದು ಚುಕ್ಕೆ, ಎರಡ್ಮೂರು ಅಕ್ಷರ. ಅಷ್ಟೇ. ಒಂದು ಮನೇಲಿ ಒಂದು ಹೆಸರಿನವರು ಒಬ್ಬರೇ ಇರಬೇಕು." ತಲೆಯಾಡಿಸುತ್ತಿದ್ದರು. ವಿಳಾಸ ಮಾಡಿಕೊಡುತ್ತಿದ್ದೆ, ಪಾಸ್‌ವರ್ಡ್ ಚೀಟಿಯಲ್ಲಿ ಬರೆದುಕೊಡುತ್ತಿದ್ದೆ. ಆ ಚೀಟಿ ಅಂಗಿಯ ಜೇಬಿನಲ್ಲಿ ಒಗೆತಕ್ಕೆ ಹೋಗುತ್ತಿತ್ತು. ಮತ್ತೆ ಬರುತ್ತಿದ್ದರು, ಮತ್ತೆ ಹೊಸ ವಿಳಾಸ. ಒಬ್ಬ ಪೇಂಟರಿಗೆ ಹನ್ನೊಂದು ವಿಳಾಸ ಮಾಡಿಕೊಟ್ಟಿದ್ದೇನೆ. ಹನ್ನೊಂದಕ್ಕೂ ಬೀಗ ಬಿದ್ದಿದೆ.

ಕೊನೆಗೆ ಸಾಕಾಗಿಹೋಯಿತು. ನನ್ನ ವಿಳಾಸವನ್ನೇ ಹಾಕತೊಡಗಿದೆ. ಎರಡನೆಯವರಿಗೆ ಹಾಕಿದಾಗಲೇ 'ಈ ವಿಳಾಸ ಆಗಲೇ ಬಳಕೆಯಲ್ಲಿದೆ' ಎಂದು ಅರ್ಜಿ ಮೂಗು ಮುರಿಯಿತು. ಆಗ ಪ್ಲಸ್ ವಿದ್ಯೆ ಕಲಿತೆ. ನನ್ನ ಹೆಸರಾದಮೇಲೆ, @ ಬರುವ ಮುಂಚೆ ಒಂದು ಪ್ಲಸ್ ಹಾಕಿ ಏನು ಬರೆದರೂ ಪತ್ರ ನನ್ನ ಪೆಟ್ಟಿಗೆಗೇ ಬರುತ್ತದೆ. ಅರ್ಜಿಗೆ ಮಾತ್ರ ಅದು ಬೇರೆಯದೇ ವಿಳಾಸ. ಅರ್ಜಿಅಕ್ಕ ಪ್ಲಸ್ ದರ್ಜಿ. ಅರ್ಜಿಅಕ್ಕ ಪ್ಲಸ್ ಪೇಂಟರ್. ಅರ್ಜಿಅಕ್ಕ ಪ್ಲಸ್ ಮೂಲೆಮನೆ ಸೊಸೆ. ಇದನ್ನು ಕಲಿತ ದಿನ ನನ್ನಂಥ ಜಾಣೆ ಭೂಮಿಯ ಮೇಲಿಲ್ಲ ಎಂದುಕೊಂಡಿದ್ದೆ.

ಆಮೇಲೆ ಮುನ್ನೂರು ಜನರ ಪತ್ರ ನನ್ನ ತಲೆಯ ಮೇಲೆ ಬಿತ್ತು. ಬೆಳಿಗ್ಗೆ ಪೆಟ್ಟಿಗೆ ತೆರೆದರೆ ಯಾರದೋ ಪರೀಕ್ಷೆಯ ಫಲಿತಾಂಶ, ಯಾರದೋ ರಕ್ತಪರೀಕ್ಷೆಯ ವರದಿ, ಯಾರನ್ನೋ ಕೆಲಸಕ್ಕೆ ತೆಗೆದುಕೊಂಡಿಲ್ಲವೆಂಬ ವಿಷಾದ. ಒಂದೊಂದನ್ನೂ ಓದಿ, ಪ್ಲಸ್ ಆದಮೇಲೆ ಯಾರಿದ್ದಾರೆಂದು ನೋಡಿ, ಅವರಿಗೆ ಸುದ್ದಿ ಮುಟ್ಟಿಸಬೇಕು. ಓದಿ ಓದಿ ಕಣ್ಣು ಉರಿಯುತ್ತದೆ. ಊರಿನವರ ಅದೃಷ್ಟವೆಲ್ಲ ನನಗೆ ಮೊದಲು ಗೊತ್ತಾಗುತ್ತದೆ, ನನಗೆಂದು ಮಾತ್ರ ಏನೂ ಬರುವುದಿಲ್ಲ.

ಮನೆಯಲ್ಲಿ ಇರುವುದು ಇಬ್ಬರೇ, ನಾನು ಮತ್ತು ತಂಗಿ ಪುಟ್ಟಿ. ಅವಳಿಗೆ ಐವತ್ತೆರಡು ವರ್ಷ, ಬುದ್ಧಿ ಮಾತ್ರ ಐದನೇ ವರ್ಷಕ್ಕೆ ನಿಂತುಹೋಗಿದೆ. ಹಗಲೆಲ್ಲ ಅಂಗಡಿಯ ಹಿಂದಿನ ಬೆಂಚಿನ ಮೇಲೆ ಕೂತಿರುತ್ತಾಳೆ. ಪ್ರಿಂಟರ್ ಹಾಳುಮಾಡಿದ ಕಾಗದವನ್ನು ಉದ್ದುದ್ದಕ್ಕೆ ಪಟ್ಟಿ ಪಟ್ಟಿ ಹರಿಯುವುದೇ ಅವಳ ಕೆಲಸ. ಸಾಲು ಓರೆಯಾದರೆ ಅವಳಿಗೆ ಅಳು ಬರುತ್ತದೆ. ಅಮ್ಮ ಹೋಗುವಾಗ ಅವಳನ್ನು ನನ್ನ ಕೈಗೆ ಹಾಕಿ ಹೋದಳು. ಆಗ ನನಗೆ ಮೂವತ್ತನಾಲ್ಕು, ಈಗ ಐವತ್ತೆಂಟು. ಅವಳನ್ನು ಸ್ನಾನಕ್ಕೆ ಎಬ್ಬಿಸಬೇಕು, ಕೂರಿಸಬೇಕು, ಒರೆಸಬೇಕು. ನನ್ನ ಸೊಂಟ ಎರಡು ವರ್ಷದಿಂದ ಕೈಕೊಟ್ಟಿದೆ. ನನಗೆ ಸಾಕಾಗಿದೆ. ತಂಗಿಯ ಮೇಲೆ ಪ್ರೀತಿ ಇಲ್ಲವೆಂದಲ್ಲ, ಪ್ರೀತಿ ಇದ್ದೂ ಸಾಕಾಗುತ್ತದೆ. ಇದನ್ನು ಬಾಯಿಬಿಟ್ಟು ಹೇಳುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು.

ಇಂಥವರಿಗೆಂದೇ ಊರಾಚೆ ಒಂದು ಆಸರೆಮನೆ ಇದೆ. ನೆಲದ ಮೇಲೆ ಮಲಗಿದರೂ ಕೊಳೆಯಾಗದಷ್ಟು ಚೊಕ್ಕಟ, ಪ್ರತಿ ಮಂಚದ ಪಕ್ಕ ಒಂದು ಕಿಟಕಿ. ಜಾಗ ಸಿಗುವುದೇ ಕಷ್ಟ, ಅಲ್ಲಿರುವವರು ಯಾರಾದರೂ ತೀರಿಕೊಂಡರೆ ಮಾತ್ರ ಒಂದು ಮಂಚ ಖಾಲಿಯಾಗುತ್ತದೆ. ಹೋದ ವರ್ಷ ಪುಟ್ಟಿಯ ಹೆಸರಿನಲ್ಲಿ ಅಲ್ಲಿಗೆ ಅರ್ಜಿ ಹಾಕಿದೆ. ಅರ್ಜಿಅಕ್ಕ ಪ್ಲಸ್ ಪುಟ್ಟಿ. ಕೊನೆಯಲ್ಲಿ ಷರಾ ಎಂದು ಒಂದು ಅಂಕಣವಿತ್ತು, ಇವರ ಬಗ್ಗೆ ನಮಗೆ ಏನಾದರೂ ತಿಳಿಸಬೇಕೆಂದಿದ್ದರೆ ಬರೆಯಿರಿ ಎಂದು. ಬರೆಯಲು ಕೂತರೆ ಮುಗಿಯುವುದಿಲ್ಲ ಎಂದು ಅದನ್ನು ಖಾಲಿ ಬಿಟ್ಟೆ.

ಅದೇ ಆಸರೆಮನೆಗೆ ಐದು ವರ್ಷದ ಹಿಂದೆ ಇನ್ನೊಂದು ಅರ್ಜಿ ತುಂಬಿಕೊಟ್ಟಿದ್ದೆ, ಎದುರು ಸಾಲಿನ ಬೀಗ ರಿಪೇರಿಯವರ ಮಗನಿಗೆ. ಬೀಗದವರಿಗೆ ಈಗ ಎಪ್ಪತ್ತೊಂದು. ಹೆಂಡತಿ ಹೋಗಿ ಬಹಳ ಕಾಲವಾಯಿತು. ಮಗನಿಗೆ ನಲವತ್ತು, ಪುಟ್ಟಿಯ ಹಾಗೆಯೇ. ಅಪ್ಪ ಅವನನ್ನು ದೊರೆ ಎಂದು ಕರೆಯುತ್ತಾರೆ, ನಾವೂ ಹಾಗೇ ಕರೆಯುತ್ತೇವೆ. ಅವನ ಅರ್ಜಿಯ ವಿಳಾಸ ಅರ್ಜಿಅಕ್ಕ ಪ್ಲಸ್ ದೊರೆ. ದೊರೆ ಅಂಗಡಿಯ ಮೆಟ್ಟಿಲ ಮೇಲೆ ಕೂತು ಹಳೆಯ ಬೀಗದ ಕೈಗಳನ್ನು ಉದ್ದದ ಪ್ರಕಾರ ಜೋಡಿಸುತ್ತಾನೆ, ಸಂಜೆಗೆ ಅಪ್ಪ ಅವನ್ನೆಲ್ಲ ಕಲಸಿ ಡಬ್ಬಿಗೆ ಹಾಕುತ್ತಾರೆ, ನಾಳೆ ಅವನಿಗೆ ಕೆಲಸ ಬೇಕಲ್ಲ.

ಪ್ರತಿ ಸೋಮವಾರ ಬೆಳಿಗ್ಗೆ ಬೀಗದವರು ರಸ್ತೆ ದಾಟಿ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ.

"ಅರ್ಜಿ ಅಕ್ಕ, ಏನಾದ್ರೂ ಬಂತಾ?"

"ಇನ್ನೂ ಇಲ್ಲ ಯಜಮಾನ್ರೇ. ನಿಮಗಿಂತ ಹದಿಮೂರು ವರ್ಷ ಚಿಕ್ಕವಳು ನಾನು, ಅಕ್ಕ ಅನ್ಬೇಡಿ ಅಂತ ಎಷ್ಟು ಸಲ ಹೇಳ್ಬೇಕು?"

"ಊರಿಗೆಲ್ಲ ಅಕ್ಕ, ನನಗೊಬ್ಬನಿಗೆ ಇಲ್ವಾ?" ಎನ್ನುತ್ತಾರೆ, ಹೋಗುತ್ತಾರೆ. ಐದು ವರ್ಷದಿಂದ ಇದೇ ಮಾತು. ಒಂದು ಪದ ಹೆಚ್ಚಿಲ್ಲ, ಕಡಿಮೆಯಿಲ್ಲ.

ಕಳೆದ ತಿಂಗಳು ಒಂದು ಶುಕ್ರವಾರ ಮಧ್ಯಾಹ್ನ ಆಸರೆಮನೆಯ ಪತ್ರ ಬಂತು. ಒಂದು ಜಾಗ ಖಾಲಿಯಾಗಿದೆ, ಏಳು ದಿನದೊಳಗೆ ಒಪ್ಪಿಗೆ ತಿಳಿಸಬೇಕು, ಇಲ್ಲದಿದ್ದರೆ ಮುಂದಿನವರಿಗೆ ಹೋಗುತ್ತದೆ. ಹೆಸರು ನೋಡಿದೆ. ಪುಟ್ಟಿಯ ಹೆಸರು.

ಮೂರು ಸಲ ಓದಿದೆ. ಹಿಂದೆ ತಿರುಗಿ ನೋಡಿದೆ, ಪುಟ್ಟಿ ಯಾರದೋ ಹಾಳಾದ ಅರ್ಜಿಯನ್ನು ತುಟಿ ಕಚ್ಚಿಕೊಂಡು ಹರಿಯುತ್ತಿದ್ದಳು. ನನಗೆ ಅಳು ಬಂತು, ಸಂತೋಷಕ್ಕೆ. ನಾಳೆಯಿಂದ ಒಬ್ಬಳೇ ಸ್ನಾನ ಮಾಡಬಹುದು, ಒಬ್ಬಳೇ ಮಲಗಬಹುದು, ಸೊಂಟಕ್ಕೆ ವೈದ್ಯರು ಹೇಳಿದ ಹಾಗೆ ಒಂದು ವಾರ ಅಲುಗಾಡದೆ ಬಿದ್ದುಕೊಂಡಿರಬಹುದು. ನಿದ್ದೆಯ ನೆನಪೇ ನಿದ್ದೆ ಬರಿಸುವಷ್ಟು ದಣಿದಿದ್ದೆ.

ನಾಲ್ಕನೇ ಸಲ ಓದುವಾಗ ಅರ್ಜಿ ಹಾಕಿದ ತಾರೀಖು ಕಣ್ಣಿಗೆ ಬಿತ್ತು. ಐದು ವರ್ಷದ ಹಿಂದಿನದು. ಪುಟ್ಟಿಯದನ್ನು ಹಾಕಿ ವರ್ಷವೂ ತುಂಬಿರಲಿಲ್ಲ. ವಿಳಾಸ ನೋಡಿದೆ. ಪ್ಲಸ್ ಇರಲಿಲ್ಲ, ಅದರ ಮುಂದೆ ಯಾರೂ ಇರಲಿಲ್ಲ. ಬರೀ ನಾನು.

ಆಸರೆಮನೆಯ ಕಚೇರಿಗೆ ಫೋನ್ ಮಾಡಿದೆ. ಸುಮ್ಮನೆ ಒಂದು ವಿಷಯ ತಿಳಿದುಕೊಳ್ಳಬೇಕಿತ್ತು ಎಂದೆ. ಅಲ್ಲಿಯ ಗುಮಾಸ್ತನ ದನಿ ನನ್ನ ದನಿಗಿಂತ ಸುಸ್ತಾಗಿತ್ತು.

"ಹೊಸ ವ್ಯವಸ್ಥೆ ಬಂದಿದೆ ಮೇಡಂ. ವಿಳಾಸದಲ್ಲಿ ಪ್ಲಸ್ ಆದ್ಮೇಲೆ ಇರೋದನ್ನೆಲ್ಲ ತೆಗೆದುಬಿಡುತ್ತೆ. ಒಬ್ಬರೇ ಹತ್ತತ್ತು ಅರ್ಜಿ ಹಾಕ್ತಿದ್ರು, ಅದಕ್ಕೆ. ಈಗ ಒಂದು ವಿಳಾಸಕ್ಕೆ ಒಂದೇ ಅರ್ಜಿ."

"ಒಂದೇ ವಿಳಾಸದಲ್ಲಿ ಎರಡಿದ್ರೆ?"

"ಸೇರಿಸಿಬಿಡುತ್ತೆ. ತಾರೀಖು ಹಳೇದು ಉಳಿಯುತ್ತೆ, ಹೆಸರು ಹೊಸದು ಉಳಿಯುತ್ತೆ. ಹೊಸದರಲ್ಲಿ ಖಾಲಿ ಬಿಟ್ಟಿದ್ರೆ ಹಳೇದರಲ್ಲಿ ಇರೋದು ಬರುತ್ತೆ."

"ಅದನ್ನ ಬಿಡಿಸೋಕಾಗಲ್ವಾ?"

"ಸೇರಿದ್ದನ್ನ ಬಿಡಿಸೋಕಾಗಲ್ಲ. ವಿವರ ತಪ್ಪಾಗಿದ್ರೆ ತಿದ್ದಬಹುದು, ಅದೇ ವಿಳಾಸದಿಂದ ಬರೀಬೇಕು. ಇನ್ನೊಬ್ಬರು ಅಂತ ಇದ್ರೆ ಅವರದೇ ವಿಳಾಸ ಮಾಡ್ಕೊಂಡು ಹೊಸದಾಗಿ ಹಾಕ್ಲಿ. ಸಾಲಿನ ಕೊನೆಯಿಂದ."

ಫೋನ್ ಇಟ್ಟೆ. ಈಗ ಎಲ್ಲ ಸ್ಪಷ್ಟವಾಗಿತ್ತು, ಬೇಡವೆನ್ನುವಷ್ಟು. ಬೀಗದವರು ಐದು ವರ್ಷ ಕಾದ ಸರದಿ, ನನ್ನ ತಂಗಿಯ ಹೆಸರು. ಅವರಿಬ್ಬರನ್ನೂ ಒಂದು ಪ್ಲಸ್ಸಿನ ಹಿಂದೆ ಕೂರಿಸಿದವಳು ನಾನು. ಈಗ ಒಪ್ಪಿಗೆ ಎಂಬ ಗುಂಡಿ ಒತ್ತಿದರೆ ಪುಟ್ಟಿಗೆ ಜಾಗ ಸಿಗುತ್ತದೆ, ದೊರೆಗೆ ಎಂದೆಂದಿಗೂ ಪತ್ರ ಬರುವುದಿಲ್ಲ, ಅವನ ಅರ್ಜಿಯೇ ಇಲ್ಲವಲ್ಲ. ಯಾರಿಗೂ ತಿಳಿಯುವುದಿಲ್ಲ. ಪೆಟ್ಟಿಗೆ ನನ್ನದು, ಓದುವವಳು ನಾನೊಬ್ಬಳೇ.

ಶನಿವಾರ, ಭಾನುವಾರ ನನ್ನ ಜೊತೆ ನಾನೇ ವಾದ ಮಾಡಿದೆ. ನಾನೇನು ಮೋಸ ಮಾಡಿದೆನೇ? ಯಂತ್ರ ಮಾಡಿದ್ದು. ಮುನ್ನೂರು ಜನರ ಪತ್ರ ಹೊತ್ತಿದ್ದೇನೆ, ಒಂದಾದರೂ ನನಗೆ ಬರಬಾರದೇ? ಬೀಗದವರಾದರೂ ಗಂಡಸು, ಗಟ್ಟಿಮುಟ್ಟಾಗಿದ್ದಾರೆ. ಅವರ ಕೈ ನಡುಗುವುದನ್ನು ನಾನು ನೋಡಿಲ್ಲವೆಂದಲ್ಲ, ಆ ಎರಡು ದಿನ ಅದನ್ನು ನೆನಪಿಸಿಕೊಳ್ಳಲಿಲ್ಲ, ಅಷ್ಟೇ.

ಸೋಮವಾರ ಬಂದರು.

"ಅರ್ಜಿ ಅಕ್ಕ, ಏನಾದ್ರೂ ಬಂತಾ?"

"ಇನ್ನೂ ಇಲ್ಲ" ಎಂದೆ. ಚಿಕ್ಕವಳು ದೊಡ್ಡವಳು ಎಂಬ ಮಾತು ಬಾಯಿಗೆ ಬರಲಿಲ್ಲ. ಅವರು ಅದಕ್ಕೆ ಕಾದು ನಿಂತರು. ಬರದಿದ್ದಾಗ, "ಮೈ ಹುಷಾರಿಲ್ವಾ? ಸ್ವಲ್ಪ ಮಲಗಿ" ಎಂದು ಹೇಳಿ ಹೋದರು.

ಮಂಗಳವಾರ, ಬುಧವಾರ ಗಿರಾಕಿಗಳ ನೆಪದಲ್ಲಿ ಕಳೆದೆ. ಗುರುವಾರ ಕೊನೆಯ ದಿನ. ಬೆಳಿಗ್ಗೆ ಬಾಗಿಲು ಅರ್ಧ ಎಳೆದುಕೊಂಡು ಆಸರೆಮನೆಯ ಪುಟ ತೆರೆದೆ. ಒಪ್ಪಿಗೆ ಕೊಡುವ ಮುಂಚೆ ವಿವರವನ್ನೆಲ್ಲ ಒಮ್ಮೆ ಓದಿ ಸರಿಯಿದೆ ಎಂದು ಗುರುತು ಹಾಕಬೇಕಿತ್ತು. ಹೆಸರು ಪುಟ್ಟಿಯದು, ಸರಿ. ವಯಸ್ಸು ಸರಿ. ಫೋಟೊ ಸರಿ, ಹೋದ ವರ್ಷ ನಾನೇ ತಲೆ ಬಾಚಿ ತೆಗೆದದ್ದು. ಕೊನೆಯಲ್ಲಿ ಷರಾ. ಅದು ಖಾಲಿ ಇರಲಿಲ್ಲ.

'ಬೀಗದ ಕೈ ಕೊಟ್ಟರೆ ಸುಮ್ಮನಿರುತ್ತಾನೆ. ಊಟದ ತಟ್ಟೆ ಮುಂದೆ ಇಟ್ಟು ಸ್ವಲ್ಪ ಹೊತ್ತು ಬಿಡಿ, ಆಮೇಲೆ ತಿನ್ನುತ್ತಾನೆ. ಬಾಗಿಲನ್ನು ಹೊರಗಿನಿಂದ ಹಾಕಬೇಡಿ, ಹೆದರುತ್ತಾನೆ. ಅಪ್ಪ ಬರುತ್ತಾರೆ ಎಂದು ಹೇಳಬೇಡಿ. ಹೇಳಿದರೆ ಕಾಯುತ್ತಾನೆ.'

ನಾನೇ ಟೈಪ್ ಮಾಡಿದ ಮಾತುಗಳು. ಐದು ವರ್ಷದ ಹಿಂದೆ ಬೀಗದವರು ಕುಂಟುವ ಕುರ್ಚಿಯಲ್ಲಿ ಕೂತು ಅರ್ಧ ಗಂಟೆ ಯೋಚಿಸಿ ಯೋಚಿಸಿ ಹೇಳಿದ್ದರು. ಬೇಗ ಮುಗಿಸಿ, ಹಿಂದೆ ಜನ ಕಾಯ್ತಿದಾರೆ ಎಂದು ನಾನು ರೇಗಿದ್ದೂ ನೆನಪಿದೆ. ಈಗ ಆ ನಾಲ್ಕು ಸಾಲು ನನ್ನ ತಂಗಿಯ ಫೋಟೊದ ಕೆಳಗೆ ಕೂತಿದ್ದವು. ಅವಳಿಗೆ ಬರುವ ಅಪ್ಪನೂ ಇರಲಿಲ್ಲ, ಅವನು ಯಾವಾಗಲೋ ತೀರಿಹೋಗಿದ್ದ.

ಅಳಿಸಬೇಕಿತ್ತು. ಕೊನೆಯ ಅಕ್ಷರದ ಮುಂದೆ ಕರ್ಸರ್ ಇಟ್ಟೆ. ಒಂದು ಅಕ್ಷರ ಅಳಿಸಿದೆ, ಎರಡು ಅಳಿಸಿದೆ. 'ಕಾಯುತ್ತಾನೆ' ಎಂಬುದು ಅಳಿಸಿಹೋಯಿತು. 'ಹೇಳಿದರೆ' ಎನ್ನುವಲ್ಲಿ ಬೆರಳು ನಿಂತಿತು. ಆಮೇಲೆ ಅಳಿಸಿದ್ದನ್ನು ಮತ್ತೆ ಟೈಪ್ ಮಾಡಿದೆ, ಎದ್ದು ಬಾಗಿಲು ಪೂರಾ ತೆರೆದೆ, ರಸ್ತೆಯ ಆಚೆಗೆ ಕೂಗಿದೆ.

"ಯಜಮಾನ್ರೇ, ಸ್ವಲ್ಪ ಬನ್ನಿ."

ಗುರುವಾರ ನಾನು ಕರೆದದ್ದೇ ಅವರಿಗೆ ಗಾಬರಿ. ದೊರೆಯ ಕೈ ಹಿಡಿದುಕೊಂಡೇ ಬಂದರು. ದೊರೆ ಪುಟ್ಟಿಯ ಪಕ್ಕ ಬೆಂಚಿನ ಮೇಲೆ ಕೂತ. ಬೀಗದವರನ್ನು ಕುಂಟದ ಕುರ್ಚಿಯಲ್ಲಿ ಕೂರಿಸಿ ನಾನು ಎಲ್ಲ ಹೇಳಿದೆ. ಪ್ಲಸ್ಸಿನ ವಿಷಯ, ಎರಡು ಅರ್ಜಿ ಒಂದಾದದ್ದು, ಸೋಮವಾರ ಸುಳ್ಳು ಹೇಳಿದ್ದು.

"ಶುಕ್ರವಾರವೇ ಬಂದಿತ್ತು. ಆರು ದಿನ ಮುಚ್ಚಿಟ್ಕೊಂಡಿದ್ದೆ. ನಿಮ್ಮ ಜಾಗ ಹೊಡ್ಕೊಳ್ಳೋಣ ಅಂತಾನೇ ಇದ್ದೆ."

ಅವರು ಬೈಯದೆ ಬೆಂಚಿನ ಮೇಲಿದ್ದ ಪುಟ್ಟಿಯ ಕಡೆ ತಿರುಗಿದರು. ಬೈದಿದ್ದರೆ ಹಗುರಾಗುತ್ತಿತ್ತು.

"ನಾನಾಗಿದ್ರೆ ಏಳನೇ ದಿನಾನೂ ಹೇಳ್ತಿರ್ಲಿಲ್ಲ" ಎಂದರು. ಆಮೇಲೆ, "ಪುಟ್ಟಮ್ಮನ ಗತಿ?"

"ಹೊಸ ಅರ್ಜಿ. ಕೊನೆಯಿಂದ. ಐದೋ ಆರೋ ವರ್ಷ."

"ನಿಮ್ಮ ಸೊಂಟ?"

"ಅದಕ್ಕೆ ಅರ್ಜಿ ಇಲ್ಲ" ಎಂದೆ. ಇಬ್ಬರೂ ಸ್ವಲ್ಪ ನಕ್ಕೆವು, ಅದು ನಗುವ ಮಾತಾಗಿರಲಿಲ್ಲ.

ಪುಟ್ಟಿಯ ಹೆಸರು ತೆಗೆದೆ, ದೊರೆಯ ಹೆಸರು ಹಾಕಿದೆ. ಪುಟ್ಟಿಯ ಫೋಟೊ ತೆಗೆದೆ. ದೊರೆಯದು ಐದು ವರ್ಷದ ಹಿಂದಿನದೇ ನನ್ನ ಬಳಿ ಇತ್ತು, ಆಗ ಅವನ ತಲೆಯಲ್ಲಿ ಬಿಳಿಕೂದಲು ಇರಲಿಲ್ಲ. ಷರಾಕ್ಕೆ ಬಂದಾಗ ನಾಲ್ಕು ಸಾಲನ್ನೂ ಅವರಿಗೆ ಓದಿ ಹೇಳಿದೆ. ಕೇಳಿಸಿಕೊಳ್ಳುತ್ತಾ ಕೇಳಿಸಿಕೊಳ್ಳುತ್ತಾ ಮುಖವನ್ನು ತೋಳಿನಲ್ಲಿ ಒರೆಸಿಕೊಂಡರು.

"ಆ ಕೊನೇದು ತೆಗೀರಿ ಅಕ್ಕ."

"ಯಾವುದು?"

"ಅಪ್ಪ ಬರ್ತಾರೆ ಅಂತ ಹೇಳ್ಬೇಡಿ ಅನ್ನೋದು. ಆಗ ನಾನು ಸತ್ತ ಮೇಲೇನೇ ಜಾಗ ಸಿಗೋದು ಅಂದ್ಕೊಂಡಿದ್ದೆ. ಇನ್ನೂ ಇದ್ದೀನಲ್ಲ. ಅಪ್ಪ ಬರ್ತಾರೆ ಅಂತ ಹೇಳಿ ಅಂತ ಬರೀರಿ. ಭಾನುವಾರ ಭಾನುವಾರ ಬರ್ತೀನಿ."

ಹಾಗೆಯೇ ಬರೆದೆ. ಒಪ್ಪಿಗೆಯ ಗುಂಡಿಯನ್ನು ನಾನು ಒತ್ತಲಿಲ್ಲ, ಅವರ ಬೆರಳನ್ನು ಹಿಡಿದು ಒತ್ತಿಸಿದೆ. ಸಂಜೆಯೊಳಗೆ ಉತ್ತರ ಬಂತು, ಮುಂದಿನ ತಿಂಗಳು ಮೂರನೇ ತಾರೀಖು ಕರೆದುಕೊಂಡು ಬನ್ನಿ ಎಂದು.

ಅವರು ಹೋದಮೇಲೆ ಪುಟ್ಟಿಗೆ ಒಂದು ವಿಳಾಸ ಮಾಡಿದೆ. ಪ್ಲಸ್ ಇಲ್ಲ, ನಾನಿಲ್ಲ. @ಗೆ ಮುಂಚೆ ಅವಳೊಬ್ಬಳೇ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದೆ, ಅವಳ ಕೈಗೆಟುಕದಷ್ಟು ಎತ್ತರದಲ್ಲಿ. ಹೊಸ ಅರ್ಜಿ ತುಂಬಿದೆ. ಈ ಸಲ ಷರಾ ಖಾಲಿ ಬಿಡಲಿಲ್ಲ. ಕಾಗದ ಕೊಡಿ, ಓರೆಯಾಗಿ ಹರಿದರೆ ಅಳುತ್ತಾಳೆ, ಇನ್ನೊಂದು ಕೊಡಿ ಎಂದು ಶುರುಮಾಡಿದವಳು ಅಂಕಣ ತುಂಬಿ ಇನ್ನು ಜಾಗವಿಲ್ಲ ಎಂದು ಯಂತ್ರ ಹೇಳುವವರೆಗೂ ಬರೆದೆ. ಅದು ಸರದಿಯ ಸಂಖ್ಯೆ ಕೊಟ್ಟಿತು. ನಾನೂರ ಹನ್ನೆರಡು.

ಉಳಿದ ಮುನ್ನೂರು ಜನರಿಗೂ ಅವರವರದೇ ವಿಳಾಸ ಮಾಡಿಕೊಡುತ್ತಿದ್ದೇನೆ, ದಿನಕ್ಕೆ ನಾಲ್ಕೈದರ ಹಾಗೆ. ಪೇಂಟರಿಗೆ ಹನ್ನೆರಡನೆಯದು. ಅವರು ಮತ್ತೆ ಚೀಟಿಯನ್ನು ಒಗೆತಕ್ಕೆ ಹಾಕುತ್ತಾರೆ, ಗೊತ್ತು. ಹಾಕಲಿ. ಮತ್ತೆ ಮಾಡಿಕೊಡುತ್ತೇನೆ, ರೇಗುತ್ತಲೇ.

ಮೂರನೇ ತಾರೀಖು ದೊರೆ ಹೋದ, ಬೀಗದ ಕೈಗಳ ಡಬ್ಬಿಯ ಸಮೇತ. ಆ ವಾರವೆಲ್ಲ ಎದುರಿನ ಅಂಗಡಿ ಮುಚ್ಚಿತ್ತು. ಮುಂದಿನ ಸೋಮವಾರ ನಾನು ಪುಟ್ಟಿಯನ್ನು ಬೆಂಚಿನ ಮೇಲೆ ಕೂರಿಸಿ ಸೊಂಟ ಹಿಡಿದುಕೊಂಡು ನಿಂತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಬೀಗದವರು. ಕ್ಷೌರ ಮಾಡಿಸಿಕೊಂಡಿದ್ದರು, ನಿದ್ದೆ ಮಾಡಿದ ಹಾಗೆ ಕಾಣಲಿಲ್ಲ.

"ಹೇಗಿದಾನೆ?" ಎಂದೆ.

"ತಟ್ಟೆ ಮುಂದಿಟ್ಟು ಸ್ವಲ್ಪ ಹೊತ್ತು ಬಿಡ್ತಾರಂತೆ" ಎಂದರು. ಆಮೇಲೆ ಬಾಗಿಲಿಗೆ ಕೈಯೂರಿ, ಐದು ವರ್ಷದಿಂದ ಕೇಳಿದ ಹಾಗೆಯೇ ಕೇಳಿದರು, "ಅರ್ಜಿ ಅಕ್ಕ, ಪುಟ್ಟಮ್ಮಂಗೆ ಏನಾದ್ರೂ ಬಂತಾ?"

ಇಷ್ಟು ವರ್ಷ ಈ ಬಾಗಿಲಲ್ಲಿ ನಿಂತು ನನ್ನವರ ಬಗ್ಗೆ ಯಾರೂ ಹಾಗೆ ಕೇಳಿರಲಿಲ್ಲ.

"ಇನ್ನೂ ಇಲ್ಲ ಯಜಮಾನ್ರೇ" ಎಂದೆ.

"ಬರುತ್ತೆ. ಸೋಮವಾರ ಬರ್ತೀನಿ" ಎಂದರು, ರಸ್ತೆ ದಾಟಿ ಹೋಗಿ ಅಂಗಡಿಯ ಬಾಗಿಲು ತೆಗೆದರು.